ಕಾದ ಡಾಂಬರಿನ ಬಳಿ ಕೆಲಸ: ನೀರು ಎಲ್ಲಿರಬಾರದು, ಎಲ್ಲಿರಲೇಬೇಕು

ನಮ್ಮ ರಸ್ತೆಗಳಿಗೆ ಹೆಚ್ಚಾಗಿ ಬಳಸುವ ವಿಜಿ-30 ದರ್ಜೆಯ (ವಿಜಿ ಎಂದರೆ ಡಾಂಬರು ಎಷ್ಟು ಗಟ್ಟಿ ಎಂದು ಸೂಚಿಸುವ ದರ್ಜೆ) ಡಾಂಬರನ್ನು ಜಲ್ಲಿಯೊಂದಿಗೆ ಬೆರೆಸುವಾಗ ಅದರ ಬಿಸಿ 150ರಿಂದ 165 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕುದಿನೀರು ಮೈಮೇಲೆ ಚೆಲ್ಲಿದರೆ ಹರಿದಾದರೂ ಹೋಗುತ್ತದೆ. ಡಾಂಬರು ಚರ್ಮವನ್ನು ಕಚ್ಚಿಕೊಂಡು ಕೂತು, ತನ್ನಲ್ಲಿರುವ ಶಾಖವನ್ನೆಲ್ಲ ಅಲ್ಲೇ ಇಳಿಸುತ್ತದೆ. ಇಷ್ಟು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಗಡಿಬಿಡಿಯಲ್ಲಿ ತಲೆಕೆಳಗಾಗುವುದು ನೀರಿನ ವಿಷಯ. ಡಾಂಬರು ಕಾಯಿಸುವ ಬಾಯ್ಲರಿನೊಳಗೆ ಒಂದು ಚೊಂಬು ನೀರು ಸೇರಿದರೂ ಅನಾಹುತ. ಸುಟ್ಟ ಕೈಗೆ ತಕ್ಷಣ ನೀರು ಸಿಗದಿದ್ದರೆ ಅದಕ್ಕಿಂತ ದೊಡ್ಡ ಅನಾಹುತ. ‘ಡಾಂಬರಿಗೆ ನೀರು ತಾಗಿಸಬೇಡ’ ಎಂಬ ಮಾತನ್ನೇ ಕೇಳಿ ಕೇಳಿ ಪಳಗಿದವರು, ಪಕ್ಕದವನ ತೋಳಿಗೆ ಡಾಂಬರು ಸಿಡಿದಾಗ ನೀರು ಹಾಕಲು ಹಿಂಜರಿಯುತ್ತಾರೆ. ಆದ್ದರಿಂದ ಈ ಮಾರ್ಗದರ್ಶಿಯ ಮುಕ್ಕಾಲು ಪಾಲು ನೀರಿನ ಲೆಕ್ಕಾಚಾರವೇ.

ಗುಂಡಿ ಮುಚ್ಚುವ ಸಣ್ಣ ತಂಡದ ಮೇಸ್ತ್ರಿ, ಬಿಸಿ ಡಾಂಬರನ್ನು ಜಲ್ಲಿಯೊಂದಿಗೆ ಬೆರೆಸುವ ಹಾಟ್ ಮಿಕ್ಸ್ ಘಟಕದ ಆಪರೇಟರ್, ಪಂಚಾಯಿತಿ ರಸ್ತೆಯ ಉಸ್ತುವಾರಿ ನೋಡುವ ಎಂಜಿನಿಯರ್, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಒಲೆ ಹೊತ್ತಿಸುವ ಮೊದಲು

ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಕಾಮಗಾರಿ ಮತ್ತೆ ಶುರುವಾಗುವ ಹೊತ್ತಿಗೆ ಅಂಗಳದಲ್ಲಿ ನಾಲ್ಕು ತಿಂಗಳು ನಿಂತ ಪೀಪಾಯಿಗಳಿರುತ್ತವೆ. ಪೀಪಾಯಿಯ ಮೇಲ್ಮುಚ್ಚಳಕ್ಕೆ ಸುತ್ತಲೂ ಅಂಚು ಇರುವುದರಿಂದ ಮಳೆನೀರು ಅದರ ಮೇಲೆ ನಿಲ್ಲುತ್ತದೆ. ಬಿರಡೆ ಸಡಿಲವಿದ್ದರೆ, ತಗಡು ತುಕ್ಕು ಹಿಡಿದು ತೂತಾಗಿದ್ದರೆ ಆ ನೀರು ಒಳಗಿಳಿಯುತ್ತದೆ. ಕಳೆದ ಹಂಗಾಮಿನ ಡಾಂಬರು ಉಳಿದಿರುವ, ಮುಚ್ಚಳ ಸರಿಯಾಗಿ ಕೂರದ ಬಾಯ್ಲರಿನದೂ ಇದೇ ಕತೆ.

ಒಳಗೆ ನಡೆಯುವುದು ಇಷ್ಟು. ತಣ್ಣಗಿರುವ ಡಾಂಬರು ನೀರಿಗಿಂತ ಒಂದು ಕೂದಲೆಳೆಯಷ್ಟು ಭಾರ, ಹಾಗಾಗಿ ನೀರು ಅದರ ಮೇಲೆ ನಿಂತಿರುತ್ತದೆ. ಕಾದು ಹಿಗ್ಗಿದ ಡಾಂಬರು ನೀರಿಗಿಂತ ಹಗುರ. ಮೇಲಿದ್ದ ನೀರು ಕೆಳಗಿಳಿದು, ಬೆಂಕಿಗೆ ಹತ್ತಿರದ ತಳ ಸೇರಿ, ಒಮ್ಮೆಲೇ ಹಬೆಯಾಗುತ್ತದೆ. ಒಂದು ಲೀಟರ್ ನೀರು ಹಬೆಯಾದಾಗ ಅದರ ಗಾತ್ರ 1,600 ಪಟ್ಟಿಗೂ ಹೆಚ್ಚು. ಆ ಹಬೆ ಮೇಲೆ ಬರಲು ಅಂಟಾದ ಡಾಂಬರನ್ನು ನೊರೆಯಾಗಿ ಎತ್ತಿಕೊಂಡೇ ಬರಬೇಕು. ಬಾಯ್ಲರ್ ಉಕ್ಕುವುದು ಹೀಗೆ. ಹಾಲು ಉಕ್ಕಿದರೆ ಒಲೆ ಆರುತ್ತದೆ, ಇದು ಉಕ್ಕಿದರೆ ಬರ್ನರಿನ ಮೇಲೆ ಬಿದ್ದು ಹೊತ್ತಿಕೊಳ್ಳುತ್ತದೆ.

ಹಾಗಾದರೆ ರೋಲರ್ ಚಕ್ರಕ್ಕೆ ನೀರು ಚಿಮುಕಿಸುತ್ತಾರಲ್ಲ, ಅದೇಕೆ ಸಿಡಿಯುವುದಿಲ್ಲ ಎಂದು ಹೊಸ ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ನೀರು ತೆಳುವಾದ ಪದರದ ಮೇಲೆ ಬಿದ್ದು ಬಯಲಿಗೇ ಆವಿಯಾಗುತ್ತದೆ. ಅಪಾಯ ಇರುವುದು ಡಾಂಬರಿನ ಅಡಿಯಲ್ಲಿ ಸಿಕ್ಕಿಬಿದ್ದ ನೀರಿನಲ್ಲಿ.

ಬೆಳಿಗ್ಗೆ ಮಾಡಬೇಕಾದ ಕೆಲಸಗಳು:

ಬಾಯ್ಲರಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ. ನೀರು ನಿಂತಿದ್ದರೆ ಬೆಂಕಿ ಹಚ್ಚುವ ಮೊದಲೇ ಮೊಗೆದು, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಪೀಪಾಯಿಗಳನ್ನು ಓರೆಯಾಗಿಸಿ ಮೇಲಿನ ನೀರು ಚೆಲ್ಲಿ. ಬಕೆಟ್, ಸೌಟು, ಕೊಳವೆ, ಸುರಿಯುವ ಕ್ಯಾನ್ ಎಲ್ಲವೂ ಒಣಗಿರಲಿ. ರಾತ್ರಿಯ ಇಬ್ಬನಿಯಲ್ಲಿ ನೆನೆದ ಬಕೆಟ್ಟಿಗೆ 160 ಡಿಗ್ರಿಯ ಡಾಂಬರು ಸುರಿದರೆ ಅದು ಮುಖಕ್ಕೇ ಸಿಡಿಯುತ್ತದೆ. ಥರ್ಮಾಮೀಟರ್ ಕೆಲಸ ಮಾಡುತ್ತಿದೆಯೇ, ಬರ್ನರಿನ ಗ್ಯಾಸ್ ಕೊಳವೆ ಬಿರುಕು ಬಿಟ್ಟಿದೆಯೇ, ಸಿಲಿಂಡರ್ ಜ್ವಾಲೆಯಿಂದ ದೂರವಿದೆಯೇ ಎಂದು ನೋಡಿ. ಬಾಯ್ಲರ್ ಸಮತಟ್ಟಾದ ಜಾಗದಲ್ಲಿ, ಜನ ನಡೆಯುವ ದಾರಿಯಿಂದ ಆಚೆ, ಗಾಳಿ ಹೊಗೆಯನ್ನು ಕೆಲಸಗಾರರಿಂದ ದೂರ ಒಯ್ಯುವಂತೆ ನಿಂತಿರಲಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳು ಕೆಲಸದ ಜಾಗದ ಪಕ್ಕದಲ್ಲೇ ಗುಡಾರ ಹಾಕಿಕೊಂಡಿರುತ್ತವೆ. ಚಳಿಯ ಬೆಳಗಿನಲ್ಲಿ ಮಕ್ಕಳು ಬಾಯ್ಲರಿನ ಬಿಸಿಗೆ ಹತ್ತಿರ ಬರುತ್ತಾರೆ. ಹಗ್ಗ ಕಟ್ಟಿ, ಬೇಲಿ ಹಾಕಿ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಕೂಲಿ ಕೊಟ್ಟು ನೇಮಿಸಿ. ಬರೀ ಗದರಿ ಕಳಿಸಿದರೆ ಐದು ನಿಮಿಷದಲ್ಲಿ ವಾಪಸ್ಸು ಬರುತ್ತಾರೆ.

ಕಾಯಿಸುವಾಗ

ಬಾಯ್ಲರನ್ನು ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಉಳಿದ ಜಾಗ ಖಾಲಿ ಬಿದ್ದಿದೆ ಎಂದು ಗುತ್ತಿಗೆದಾರರಿಗೆ ಕಾಣಬಹುದು. ಅದು ನೊರೆ ಏರಲು ಬಿಟ್ಟ ಜಾಗ.

ಮೊದಲ ಹಂತದಲ್ಲಿ ಉರಿ ಸಣ್ಣಗಿರಲಿ. ಬಿಸಿ 100 ಡಿಗ್ರಿ ದಾಟಿ 120ರವರೆಗೆ ಹೋಗುವ ಹೊತ್ತು ಅತ್ಯಂತ ಎಚ್ಚರದ ಹೊತ್ತು. ಒಳಗೆ ಅಡಗಿದ ತೇವ ಹೊರಬರುವುದು ಆಗಲೇ. ಕಿವಿಗೊಟ್ಟು ಕೇಳಿದರೆ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ ಸದ್ದು ಕೇಳುತ್ತದೆ, ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳು ಗುಂಪು ಕಟ್ಟುತ್ತವೆ. ಆ ಸದ್ದು ಪೂರ್ತಿ ನಿಂತು, ಮೇಲ್ಮೈ ಕನ್ನಡಿಯಂತೆ ನಯವಾಗುವ ತನಕ ಉರಿ ಏರಿಸಬೇಡಿ. ಬೆಳಿಗ್ಗೆ ತಡವಾಗಿ ಬಂದು, ಹನ್ನೊಂದಕ್ಕೆ ಟಿಪ್ಪರ್ ಬರುತ್ತದೆಂದು ಬರ್ನರನ್ನು ಪೂರ್ತಿ ತಿರುಗಿಸುವುದೇ ಇಲ್ಲಿಯ ದೊಡ್ಡ ತಪ್ಪು.

ನೊರೆ ಏರತೊಡಗಿದರೆ ಬರ್ನರ್ ಆರಿಸಿ, ಎಲ್ಲರನ್ನೂ ಹಿಂದಕ್ಕೆ ಸರಿಸಿ, ತಾನಾಗಿ ಇಳಿಯಲು ಬಿಡಿ. ತಣಿಸಲೆಂದು ತಣ್ಣನೆಯ ಡಾಂಬರಿನ ಗಡ್ಡೆ, ಮಣ್ಣು, ನೀರು ಏನನ್ನೂ ಎಸೆಯಬೇಡಿ.

ವಿಜಿ-30ಕ್ಕೆ 165 ಡಿಗ್ರಿ, ಇನ್ನೂ ಗಟ್ಟಿಯಾದ ವಿಜಿ-40ಕ್ಕೆ 170 ಡಿಗ್ರಿ, ಇವು ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯಲ್ಲಿರುವ ಮೇಲ್ಮಿತಿಗಳು. ರಸ್ತೆ ಡಾಂಬರಿನ ಗುಣಮಟ್ಟಕ್ಕಿರುವ ಭಾರತೀಯ ಮಾನಕ ಐಎಸ್ 73ರ ಪ್ರಕಾರ ಇವುಗಳ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಬಿಸಿ ಕನಿಷ್ಠ 220 ಡಿಗ್ರಿ ಇರಬೇಕು. ಎರಡರ ನಡುವೆ 50 ಡಿಗ್ರಿ ಅಂತರವಿದೆಯಲ್ಲ ಎಂದು ನೆಮ್ಮದಿಯಾಗಿರಬೇಡಿ. ಥರ್ಮಾಮೀಟರ್ ಇಲ್ಲದೆ ಹೊಗೆ ನೋಡಿ ಅಂದಾಜು ಹೇಳುವ ಕಡೆ ಆ ಅಂತರ ಕರಗಲು ಊಟದ ವಿರಾಮ ಸಾಕು. ಇನ್ಫ್ರಾರೆಡ್ ಗನ್ ಇದ್ದರೆ ಒಳ್ಳೆಯದೇ, ಆದರೆ ಅದು ಮೇಲ್ಮೈಯನ್ನು ಮಾತ್ರ ಓದುತ್ತದೆ. ತಳದಲ್ಲಿ ಬರ್ನರಿನ ಜ್ವಾಲೆ ಹಾಯುವ ಕೊಳವೆಯ ಸುತ್ತ ಬಿಸಿ ಇನ್ನೂ ಹೆಚ್ಚಿರುತ್ತದೆ. ಆ ಕೊಳವೆ ಸದಾ ಡಾಂಬರಿನಲ್ಲಿ ಮುಳುಗಿರಬೇಕು, ಅದರ ಮೇಲೆ ಕನಿಷ್ಠ 15 ಸೆಂಟಿಮೀಟರ್ ಡಾಂಬರು ಇರಬೇಕು. ಕೊಳವೆ ಬಯಲಾದರೆ ಟ್ಯಾಂಕಿನೊಳಗಿನ ಆವಿಗೆ ಅದೇ ಕಿಡಿ. ಆದ್ದರಿಂದ ಡಾಂಬರು ಖಾಲಿ ಮಾಡುವ ಮೊದಲು ಬರ್ನರ್ ಆರಿಸಿ ತಣಿಯಲು ಬಿಡಿ.

ಬೆಂಕಿ ಹತ್ತಿದರೆ ಮುಚ್ಚಳ ಹಾಕಿ ಉಸಿರು ಕಟ್ಟಿಸಿ. ಒಣ ಪುಡಿಯ ಅಗ್ನಿಶಾಮಕ, ಒಣ ಮರಳು ಬಳಸಿ. ನೀರಿನ ಪೈಪು ಹಿಡಿದರೆ ಉರಿಯುವ ಡಾಂಬರು ಸುತ್ತ ಚಿಮ್ಮುತ್ತದೆ. ಅಗ್ನಿಶಾಮಕ ಸಿಲಿಂಡರನ್ನು ಬಾಯ್ಲರಿಗೇ ನೇತುಹಾಕುವ ರೂಢಿ ಕೆಲವೆಡೆ ಇದೆ. ಬೆಂಕಿ ಬಿದ್ದಾಗ ಅದನ್ನು ತೆಗೆಯಲು ಯಾರು ಹೋಗುತ್ತಾರೆ? ಹತ್ತು ಹೆಜ್ಜೆ ದೂರ, ಗಾಳಿ ಬೀಸಿ ಬರುವ ಕಡೆಗೆ ಇಡಿ.

ಪೀಪಾಯಿಯನ್ನೇ ಸೌದೆ ಬೆಂಕಿಯ ಮೇಲೆ ಉರುಳಿಸುವುದು ಹಳ್ಳಿ ರಸ್ತೆಗಳಲ್ಲಿ ಇನ್ನೂ ಕಾಣುವ ನೋಟ. ಬಿಡಬೇಕಾದ ಪದ್ಧತಿ. ಬಿಡಲಾಗದಿದ್ದರೆ, ಬಿರಡೆ ಪೂರ್ತಿ ತೆಗೆದು ತೂತು ಮೇಲ್ಮುಖವಾಗಿರುವಂತೆ ಇಟ್ಟ ಮೇಲಷ್ಟೇ ಬಿಸಿ ತಾಗಿಸಿ. ಬಿರಡೆ ಮುಚ್ಚಿದ ಪೀಪಾಯಿ ಬಾಂಬಿದ್ದಂತೆ. ಡಾಂಬರು ಗಟ್ಟಿಯಾಗಿ ಕಟ್ಟಿಕೊಂಡ ಕೊಳವೆ, ವಾಲ್ವ್‌ಗಳಿಗೂ ಇದೇ ತರ್ಕ: ತೆರೆದ ಬಾಯಿಯ ಕಡೆಯಿಂದ ಬಿಸಿ ಮಾಡುತ್ತಾ ಒಳಕ್ಕೆ ಹೋಗಿ. ನಡುವೆ ಕಾಯಿಸಿದರೆ ಕರಗಿ ಹಿಗ್ಗಿದ ಡಾಂಬರಿಗೆ ಹೊರದಾರಿ ಇರುವುದಿಲ್ಲ, ಕೊಳವೆ ಸಿಡಿಯುತ್ತದೆ.

ಡಾಂಬರು ತೆಳುವಾಗಲೆಂದು ಸೀಮೆಎಣ್ಣೆ, ಡೀಸೆಲ್ ಸುರಿಯಬೇಡಿ. 160 ಡಿಗ್ರಿಯ ಡಾಂಬರಿಗೆ ಸೀಮೆಎಣ್ಣೆ ಬಿದ್ದ ಕ್ಷಣ ಅದು ಆವಿಯಾಗಿ ಕೆಳಗಿನ ಬರ್ನರಿನತ್ತ ಹೊರಳುತ್ತದೆ. ಟ್ಯಾಕ್ ಕೋಟಿಗೆ, ಅಂದರೆ ಹೊಸ ಪದರ ಹಳೆಯದಕ್ಕೆ ಅಂಟಲೆಂದು ಮೊದಲು ಬಳಿಯುವ ಲೇಪಕ್ಕೆ, ತೆಳು ಡಾಂಬರು ಬೇಕಿದ್ದರೆ ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಡಾಂಬರು) ತರಿಸಿ. ಅದನ್ನು ಈ ಪರಿ ಕಾಯಿಸುವ ಅಗತ್ಯವೇ ಇಲ್ಲ. ಸಣ್ಣ ಗುಂಡಿ ಮುಚ್ಚಲೂ ಎಮಲ್ಷನ್ ಬೆರೆಸಿದ ತಣ್ಣನೆಯ ಮಿಶ್ರಣ ಸಿಗುತ್ತದೆ. ಬೆಂಕಿಯೇ ಬೇಡವಾದ ಕಡೆ ಬೆಂಕಿ ಹಚ್ಚದಿರುವುದಕ್ಕಿಂತ ದೊಡ್ಡ ಸುರಕ್ಷತೆ ಇಲ್ಲ.

ಟ್ಯಾಂಕರ್ ಬಂದಾಗ

ಮಂಗಳೂರಿನ ಎಂಆರ್‌ಪಿಎಲ್‌ನಂಥ ತೈಲ ಶುದ್ಧೀಕರಣಾಗಾರಗಳಲ್ಲಿ ತುಂಬಿಸಿದ ಡಾಂಬರು ಘಟ್ಟ ಹತ್ತಿ ಬಂದು ಹಾಟ್ ಮಿಕ್ಸ್ ಘಟಕ ಸೇರುವಾಗಲೂ ಬಿಸಿಯಾಗಿಯೇ ಇರುತ್ತದೆ. ಇಳಿಸಿಕೊಳ್ಳುವ ಮೊದಲು ಚಾಲಕರನ್ನು ಒಂದು ಪ್ರಶ್ನೆ ಕೇಳಿ: ಹಿಂದಿನ ಲೋಡು ಏನಿತ್ತು? ಎಮಲ್ಷನ್ ಎಂದರೆ ಅರ್ಧದಷ್ಟಲ್ಲದಿದ್ದರೂ ಗಣನೀಯ ಪಾಲು ನೀರೇ. ಎಮಲ್ಷನ್ ಉಳಿದ ಟ್ಯಾಂಕಿಗೋ ಕೊಳವೆಗೋ ಬಿಸಿ ಡಾಂಬರು ಬಿದ್ದರೆ ಉಕ್ಕುವುದು ಖಚಿತ. ನಿಮ್ಮ ಘಟಕದ ಟ್ಯಾಂಕಿನಲ್ಲಿ ಬರುವಷ್ಟಕ್ಕೆ ಜಾಗವಿದೆಯೇ ಎಂದು ಕಡ್ಡಿ ಹಾಕಿ ಅಳೆಯಿರಿ. ಕೊಳವೆಯ ಜೋಡಣೆ ಬಿಗಿಯಾಗಿದೆಯೇ ಎಂದು ಇಬ್ಬರು ನೋಡಲಿ. ಇಳಿಸುವಾಗ ಅದರ ಪಕ್ಕದಲ್ಲಿ ಯಾರೂ ನಿಲ್ಲದಿರಲಿ.

ಟ್ಯಾಂಕಿನ ಮುಚ್ಚಳ ತೆರೆಯುವಾಗ ಗಾಳಿಗೆ ಬೆನ್ನು ಕೊಟ್ಟು, ಪಕ್ಕದಲ್ಲಿ ನಿಂತು ತೆರೆಯಿರಿ. ಬಿಸಿ ಡಾಂಬರಿನ ಮೇಲಿನ ಖಾಲಿ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿಕೊಳ್ಳುತ್ತದೆ. ಮ್ಯಾನ್‌ಹೋಲುಗಳಲ್ಲಿ ಜೀವ ತೆಗೆಯುವ ಅನಿಲವೇ ಇದು. ಕಡಿಮೆ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷದಲ್ಲಿ 100 ಭಾಗದ ಆಸುಪಾಸಿಗೆ ಏರಿದರೆ ಮೂಗಿನ ಗ್ರಹಿಕೆಯೇ ಸತ್ತುಹೋಗುತ್ತದೆ. ವಾಸನೆ ನಿಂತಿತು ಎಂದರೆ ಅನಿಲ ಹೋಯಿತು ಎಂದಲ್ಲ, ಏರಿತು ಎಂದೂ ಇರಬಹುದು. ದೊಡ್ಡ ಘಟಕಗಳಲ್ಲಿ ಕಾಲರಿಗೆ ಸಿಕ್ಕಿಸುವ ಅನಿಲ ಸೂಚಕ ಇರಲೇಬೇಕು. ಟ್ಯಾಂಕು ಖಾಲಿಯಾಗಿ ತಣ್ಣಗಾಗಿದ್ದರೂ ಗಾಳಿ ಪರೀಕ್ಷಿಸದೆ, ಹೊರಗೆ ಕಾವಲಿಲ್ಲದೆ ಯಾರನ್ನೂ ಒಳಗಿಳಿಸಬೇಡಿ. ಒಳಗೆ ಬಿದ್ದವನನ್ನು ಎತ್ತಲು ಇನ್ನೊಬ್ಬ ಹಾಗೆಯೇ ಇಳಿಯುವುದು ಎರಡನೆಯ ಸಾವು.

ಮೈಮೇಲೆ ಏನಿರಬೇಕು

ನಮ್ಮಲ್ಲಿ ‘ಸುರಕ್ಷತಾ ಸಾಮಗ್ರಿ’ ಎಂದು ತಪ್ಪದೆ ಕೊಡುವುದು ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್. ವಾಹನ ಸವಾರರಿಗೆ ಕಾಣಲು ಅದು ಬೇಕೇ ಬೇಕು. ಆದರೆ ಅದು ಪಾಲಿಯೆಸ್ಟರ್ ಬಲೆ, ಡಾಂಬರು ಸಿಡಿದರೆ ಕರಗಿ ಚರ್ಮಕ್ಕೆ ಸೇರಿಕೊಳ್ಳುತ್ತದೆ. ಒಳಗೆ ದಪ್ಪ ಹತ್ತಿಯ ತುಂಬುತೋಳಿನ ಅಂಗಿ ಇರಲಿ, ಕತ್ತಿನ ಗುಂಡಿ ಹಾಕಿರಲಿ. ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಕೆಲಸ ಮಾಡುವುದು ವಿವೇಕದ ರೂಢಿಯೇ, ಆ ಅಂಗಿ ಹತ್ತಿಯದಾಗಿದ್ದರೆ. ನೈಲಾನ್ ಸೀರೆಯ ಜೋತುಬಿದ್ದ ಸೆರಗು ಬಾಯ್ಲರಿನ ಬಳಿ ಬೇಡ. ಹತ್ತಿಯ ಪ್ಯಾಂಟ್ ಕೊಡುವುದು ಗುತ್ತಿಗೆದಾರರ ಕೆಲಸ.

ಪ್ಯಾಂಟಿನ ಕಾಲು ಬೂಟಿನ ಹೊರಗೆ ಇಳಿಯಬೇಕು, ಒಳಗೆ ತುರುಕಿದರೆ ಚೆಲ್ಲಿದ ಡಾಂಬರು ನೇರ ಬೂಟಿನೊಳಕ್ಕೆ ಇಳಿಯುತ್ತದೆ. ತೋಳೂ ಹಾಗೆಯೇ, ಕೈಗವಸಿನ ಮೇಲೆ ಬರಬೇಕು. ಕೈಗವಸು ಸಡಿಲವಿರಲಿ, ಕೊಡವಿದರೆ ಕಳಚಿ ಬೀಳುವಂತಿರಲಿ. ಚರ್ಮದ ಬೂಟು ಬೇಕು. ಚಪ್ಪಲಿಗೆ ಗೋಣಿತಾಟು ಸುತ್ತಿಕೊಂಡು 140 ಡಿಗ್ರಿಯ ಮಿಶ್ರಣದ ಮೇಲೆ ನಡೆಯುವವರನ್ನು ನೋಡಿಯೂ ಬಿಲ್ಲಿಗೆ ಸಹಿ ಹಾಕುವ ಎಂಜಿನಿಯರುಗಳಿದ್ದಾರೆ. ಸಹಿಯ ಮೊದಲು ಒಮ್ಮೆ ಕಾಲುಗಳ ಕಡೆ ನೋಡಲಿ. ಬಾಯ್ಲರ್, ಟ್ಯಾಂಕರ್, ಸುರಿಯುವ ಕೆಲಸದವರಿಗೆ ಮುಖಪೂರ್ತಿ ಮುಚ್ಚುವ ಪಾರದರ್ಶಕ ಕವಚ ಕಡ್ಡಾಯ. ಉಂಗುರ, ಬಳೆ, ಕೈಗಡಿಯಾರ ತೆಗೆದಿಟ್ಟು ಬನ್ನಿ.

ಬಕೆಟ್ಟಿನಲ್ಲಿ ಒಯ್ಯುವುದಿದ್ದರೆ ಮುಕ್ಕಾಲಿಗಿಂತ ಕಡಿಮೆ ತುಂಬಿ. ಡಾಂಬರು ಹಿಡಿದು ಏಣಿ ಹತ್ತಬೇಡಿ. ಬಾಯ್ಲರಿಗೆ ಗಟ್ಟಿ ಡಾಂಬರಿನ ತುಂಡುಗಳನ್ನು ಎಸೆಯಬೇಡಿ, ಜಾರಿಸಿ ಇಳಿಸಿ.

ಹಾಸುವಾಗ

ಮಿಶ್ರಣವನ್ನು ರಸ್ತೆಗೆ ಹಾಸುವ ಯಂತ್ರವಾದ ಪೇವರಿನ ಬಳಿ ಸುಡುವ ಅಪಾಯಕ್ಕಿಂತ ಹಿಮ್ಮುಖ ಬರುವ ಟಿಪ್ಪರಿನ ಅಪಾಯ ದೊಡ್ಡದು. ಟಿಪ್ಪರಿಗೆ ದಾರಿ ತೋರಿಸುವವನು ಒಬ್ಬನೇ ಇರಲಿ, ಚಾಲಕ ಅವನ ಮಾತನ್ನಷ್ಟೇ ಕೇಳಲಿ. ಟಿಪ್ಪರಿನ ತೊಟ್ಟಿ ಎತ್ತುವ ಮುನ್ನ ತಲೆ ಎತ್ತಿ ವಿದ್ಯುತ್ ತಂತಿ ನೋಡಿ. ಮಳೆ ಹನಿದರೆ ಟಾರ್ಪಾಲಿನ ಮೇಲೆ ನಿಂತ ನೀರನ್ನು ಪಕ್ಕಕ್ಕೆ ಚೆಲ್ಲಿ, ಮಿಶ್ರಣದೊಳಗೆ ಸುರಿಯಬೇಡಿ.

ಏಪ್ರಿಲ್, ಮೇ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ನೆತ್ತಿಯ ಮೇಲೆ 40 ಡಿಗ್ರಿ ದಾಟಿದ ಬಿಸಿಲು, ಪಾದದ ಕೆಳಗೆ ಅದರ ಮೂರು ಪಟ್ಟಿಗೂ ಮಿಗಿಲಾದ ಕಾವು. ಹೊಸಬರನ್ನು ಮೊದಲ ವಾರ ಪೂರ್ತಿ ಪಾಳಿಗೆ ಹಾಕಬೇಡಿ. ನಡುಮಧ್ಯಾಹ್ನ ಕೆಲಸ ನಿಲ್ಲಿಸಿ, ನೆರಳು, ಕುಡಿಯುವ ನೀರು, ಉಪ್ಪು-ಸಕ್ಕರೆ ಬೆರೆಸಿದ ಓಆರ್‌ಎಸ್ ಇರಲಿ. ಮಾತು ತೊದಲಿ, ಗೊಂದಲಕ್ಕೀಡಾದವರನ್ನು ‘ಸುಸ್ತು’ ಎಂದು ಕೂರಿಸಬೇಡಿ, ಮೈ ತಣಿಸುತ್ತಲೇ ಆಸ್ಪತ್ರೆಗೆ ಕಳಿಸಿ.

ಮೈಮೇಲೆ ಬಿದ್ದರೆ

ಈಗ ನೀರು ಇರಲೇಬೇಕಾದ ಜಾಗ. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ನಿಮಿಷಕ್ಕೆ ಐದಾರು ಲೀಟರ್ ಹರಿದರೂ ನೂರು ಲೀಟರ್ ದಾಟುತ್ತದೆ. ಕುಡಿಯಲು ತಂದ 20 ಲೀಟರಿನ ಕ್ಯಾನು ಯಾವ ಮೂಲೆಗೂ ಸಾಲದು. ಡಾಂಬರು ಕಾಯುವ ಪ್ರತಿ ಜಾಗದಲ್ಲಿ, ಓಡಿ ತಲುಪುವಷ್ಟು ದೂರದಲ್ಲಿ, ನಲ್ಲಿ ಕೂರಿಸಿದ 200 ಲೀಟರಿನ ಶುದ್ಧ ನೀರಿನ ಪೀಪಾಯಿ ನೆರಳಿನಲ್ಲಿ ನಿಂತಿರಲಿ. ಅದರಲ್ಲಿ ಯಾರೂ ಕೈಕಾಲು ತೊಳೆಯಕೂಡದು.

1. ಕ್ಷಣವೂ ತಡಮಾಡದೆ ನೀರು ಹರಿಸಿ. ಮೈಮೇಲಿನ ಡಾಂಬರು ತೆಳು ಪದರ, ಅದಕ್ಕೆ ನೀರು ತಾಗಿದರೆ ಸಿಡಿಯುವುದಿಲ್ಲ. ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಸುಡುತ್ತಲೇ ಇರುತ್ತದೆ, ಹಾಗಾಗಿ ನಡುವೆ ನಿಲ್ಲಿಸಬೇಡಿ. ಮಂಜುಗಡ್ಡೆ ಬೇಡ. ಗಾಯ ದೊಡ್ಡದಿದ್ದರೆ ಉಳಿದ ಮೈಗೆ ಬಟ್ಟೆ ಹೊದಿಸಿ, ನಡುಕ ಹತ್ತದಂತೆ ನೋಡಿಕೊಳ್ಳಿ.

2. ಅಂಟಿದ ಡಾಂಬರನ್ನು ಕೀಳಬೇಡಿ. ಅದರ ಜೊತೆ ಚರ್ಮವೂ ಬರುತ್ತದೆ. ತಣಿದ ಮೇಲೆ ಆ ಪದರವೇ ಗಾಯಕ್ಕೆ ಮುಚ್ಚಿಗೆ. ಅಂಟಿದ ಬಟ್ಟೆಯನ್ನೂ ಎಳೆಯದೆ ಸುತ್ತ ಕತ್ತರಿಸಿ.

3. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್, ಟೂತ್‌ಪೇಸ್ಟ್, ಶಾಯಿ, ಅರಿಶಿನ ಏನನ್ನೂ ಹಚ್ಚಬೇಡಿ.

4. ಬೆರಳು, ಮಣಿಕಟ್ಟು, ಕಾಲಿನ ಸುತ್ತ ಡಾಂಬರು ಪೂರ್ತಿ ಬಳೆಯಂತೆ ಕಟ್ಟಿಕೊಂಡಿದ್ದರೆ ಅದು ತಣಿದಂತೆ ಬಿಗಿದು ರಕ್ತ ಓಡಾಟ ನಿಲ್ಲಿಸಬಹುದು, ಒಳಗಿನ ಮಾಂಸವೂ ಊದಿಕೊಳ್ಳುತ್ತದೆ. ಆ ಬಳೆಯನ್ನು ಉದ್ದಕ್ಕೆ ಸೀಳಬೇಕಾಗುತ್ತದೆ. ವೈದ್ಯರಿಗೆ ಮೊದಲು ತೋರಿಸಬೇಕಾದ್ದು ಅದನ್ನೇ.

5. ಕಣ್ಣಿಗೆ ಸಿಡಿದರೆ ನೀರು ಹರಿಸುತ್ತಲೇ ಇರಿ. ಬಟ್ಟೆಯ ತುದಿಯಿಂದ ತೆಗೆಯಲು ಹೋಗಬೇಡಿ.

6. ಸ್ವಚ್ಛವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, 108ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಾದರೆ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ವಿಭಾಗವಿದೆ. ಬೇರೆ ಊರುಗಳಲ್ಲಿ, ಕಾಮಗಾರಿ ಶುರುವಾಗುವ ಮೊದಲೇ ಹತ್ತಿರದ ಜಿಲ್ಲಾ ಆಸ್ಪತ್ರೆಗೆ ದಾರಿ, ದೂರ ತಿಳಿದಿಟ್ಟುಕೊಳ್ಳಿ.

ರೋಗಿಯ ಜೊತೆ ಒಂದು ಚೀಟಿ ಕಳಿಸಿ. ಡಾಂಬರಿನ ದರ್ಜೆ, ಬಿದ್ದಾಗಿನ ಬಿಸಿ, ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ನಿಮಿಷ ನೀರು ಹರಿಸಿದಿರಿ, ಇಷ್ಟು ಬರೆದರೆ ಸಾಕು. ತೆಗೆಯಲೇಬೇಕಾದ ಕಡೆ ವೈದ್ಯರು ಲಿಕ್ವಿಡ್ ಪ್ಯಾರಫಿನ್‌ನಂಥ ಎಣ್ಣೆಯಲ್ಲಿ ನಿಧಾನಕ್ಕೆ ಮೆತ್ತಗಾಗಿಸಿ ತೆಗೆಯುತ್ತಾರೆ. ಅದು ಆಸ್ಪತ್ರೆಯ ಕೆಲಸ.

ಹೊಗೆ ಮತ್ತು ಕೈ ತೊಳೆಯುವುದು

ಡಾಂಬರಿನ ಹೊಗೆ ಕಣ್ಣು, ಗಂಟಲು ಉರಿಸುತ್ತದೆ, ತಲೆನೋವು, ಕೆಮ್ಮು ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಸ್ತೆಗೆ ಡಾಂಬರು ಹಾಕುವಾಗಿನ ಹೊಗೆಯನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರುವ’ 2ಬಿ ಗುಂಪಿನಲ್ಲೂ, ಛಾವಣಿಗೆ ಬಳಿಯುವ ಆಕ್ಸಿಡೈಸ್ಡ್ (ಬಿಸಿಯಲ್ಲಿ ಗಾಳಿ ಊದಿ ಗಟ್ಟಿಯಾಗಿಸಿದ) ಡಾಂಬರಿನ ಹೊಗೆಯನ್ನು ಅದಕ್ಕಿಂತ ಗಂಭೀರವಾದ 2ಎ ಗುಂಪಿನಲ್ಲೂ ಇಟ್ಟಿದೆ. ಕಲ್ಲಿದ್ದಲಿನಿಂದ ತೆಗೆಯುವ ಟಾರ್ ಪಿಚ್ ಇವೆರಡಕ್ಕಿಂತಲೂ ಕೆಟ್ಟದ್ದು, ಅದು ಖಚಿತವಾಗಿ ಕ್ಯಾನ್ಸರ್‌ಕಾರಕವೆಂಬ ಮೊದಲ ಗುಂಪಿನಲ್ಲಿದೆ. ಹಳೆಯ ದಾಸ್ತಾನಿನಲ್ಲಿ ಅಂಥದ್ದು ಸಿಕ್ಕಿದರೆ ಕಾಯಿಸಲೇಬೇಡಿ.

ಮುಖಕ್ಕೆ ಟವೆಲು ಕಟ್ಟಿಕೊಂಡರೆ ಧೂಳು ನಿಲ್ಲಬಹುದು, ಈ ಹೊಗೆ ನಿಲ್ಲುವುದಿಲ್ಲ. ಹೊಗೆಗೆ ಮದ್ದು ಬಿಸಿಯನ್ನು ಹದ್ದಿನಲ್ಲಿಡುವುದು. ಬಿಸಿ ಸುಮಾರು 10–12 ಡಿಗ್ರಿ ಏರಿದಂತೆಲ್ಲ ಹೊಗೆ ಸರಿಸುಮಾರು ಇಮ್ಮಡಿಯಾಗುತ್ತದೆ. 165ರಲ್ಲಿ ಮುಗಿಯುವ ಕೆಲಸಕ್ಕೆ 190 ಡಿಗ್ರಿ ಕಾಯಿಸಿದರೆ ನಾಲ್ಕು ಪಟ್ಟು ಹೊಗೆ ಕುಡಿದಂತಾಯಿತು, ಇಂಧನವೂ ದಂಡ, ಡಾಂಬರೂ ಸುಟ್ಟು ಪೆಡಸಾಗಿ ರಸ್ತೆ ಬೇಗ ಬಿರಿಯುತ್ತದೆ. ಕಡಿಮೆ ಬಿಸಿಯಲ್ಲೇ ಹಾಸಬಹುದಾದ ವಾರ್ಮ್ ಮಿಕ್ಸ್ ತಂತ್ರ ನಮ್ಮ ದೇಶದಲ್ಲೂ ಬಳಕೆಗೆ ಬಂದಿದೆ. ಟೆಂಡರ್ ಬರೆಯುವವರು ಅದನ್ನು ಸೇರಿಸಿದರೆ ಹೊಗೆ ಕುಡಿಯುವವರಿಗೆ ಉಪಕಾರ.

ಸಂಜೆ ಕೈಗೆ ಮೆತ್ತಿದ ಡಾಂಬರನ್ನು ಡೀಸೆಲ್‌ನಲ್ಲಿ ಉಜ್ಜುವುದು ಎಲ್ಲ ಕಡೆಯ ಅಭ್ಯಾಸ. ಡೀಸೆಲ್ ಚರ್ಮದ ಜಿಡ್ಡನ್ನೆಲ್ಲ ಎಳೆದು ಬಿರುಕು ಬಿಡಿಸುತ್ತದೆ, ಕರಗಿದ ಡಾಂಬರು ಆ ಬಿರುಕಿನಲ್ಲೇ ಇಳಿಯುತ್ತದೆ. ಅಡುಗೆ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಐದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ ಸೋಪಿನಲ್ಲಿ ತೊಳೆದರೆ ಹೋಗುತ್ತದೆ. ಊಟ, ಬೀಡಿ, ಎಲೆ-ಅಡಿಕೆ ಮುಟ್ಟುವ ಮೊದಲೂ ಹೀಗೆಯೇ ತೊಳೆಯಿರಿ. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ನೆನೆಹಾಕಬೇಡಿ.

ಕೆಲಸ ಬಿಡುವಾಗ

ಬರ್ನರ್ ಆರಿಸಿ, ಸಿಲಿಂಡರಿನ ವಾಲ್ವ್ ಮುಚ್ಚಿ, ಬಾಯ್ಲರಿನ ಮುಚ್ಚಳ ಬಿಗಿಯಾಗಿ ಹಾಕಿ. ಬಾಯ್ಲರ್ ತಣಿಯಲು ಗಂಟೆಗಳೇ ಬೇಕು, ಅಷ್ಟೂ ಹೊತ್ತು ಬೇಲಿ, ಕಾವಲು ಇರಲಿ. ಖಾಲಿ ಪೀಪಾಯಿಗಳ ತಗಡಿಗೆ ಬೇಡಿಕೆ ಇದೆ, ಗುಡಿಸಲಿನ ಗೋಡೆಗೂ ಹಿತ್ತಲ ಬೇಲಿಗೂ ಒಯ್ಯುತ್ತಾರೆ. ಒಳಗೆ ಆವಿ ಉಳಿದ ಪೀಪಾಯಿಯನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಿದರೆ ಸಿಡಿಯುತ್ತದೆ, ಅದಕ್ಕೆ ಅವಕಾಶ ಕೊಡಬೇಡಿ. ಡಾಂಬರು ಹೀರಿಕೊಂಡ ಬಟ್ಟೆ, ಗೋಣಿ, ಬಾಯ್ಲರಿನ ಸುತ್ತಿನ ಶಾಖನಿರೋಧಕ ಹೊದಿಕೆ ಬಿಸಿ ಇರುವಲ್ಲಿ ತಾನಾಗಿಯೇ ಹೊತ್ತಿಕೊಳ್ಳಬಲ್ಲವು. ಅವನ್ನು ದಿನದಿನವೂ ಬೇರ್ಪಡಿಸಿ, ದೂರ ಇಡಿ.

ರಸ್ತೆ ಕೆಲಸದವರೂ ನಿರ್ಮಾಣ ಕಾರ್ಮಿಕರೇ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಇಂಥ ಕೆಲಸ ಮಾಡಿದ್ದರೆ, ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತ ಪರಿಹಾರ, ವೈದ್ಯಕೀಯ ನೆರವು ಕೇಳಲು ಆ ಗುರುತಿನ ಚೀಟಿ ಬೇಕು. 90 ದಿನದ ದೃಢೀಕರಣ ಪತ್ರವನ್ನು ಗುತ್ತಿಗೆದಾರರಿಂದ ಕೆಲಸ ನಡೆಯುತ್ತಿರುವಾಗಲೇ ಬರೆಸಿಕೊಳ್ಳಿ, ತಂಡ ಬೇರೆ ಊರಿಗೆ ಹೋದ ಮೇಲೆ ಅವರನ್ನು ಹುಡುಕುವುದು ಕಷ್ಟ.